ಮೊಳಕೆ ರಾಗಿ ಮತ್ತು ಅವ್ವನ ಗಡಿಗೆ

ನಾವು ಐದು ಜನ. ಚಿತ್ರದುರ್ಗದವನೊಬ್ಬ, ಹಿರಿಯೂರಿನವರಿಬ್ಬರು, ಹೊಳಲ್ಕೆರೆ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರೊಬ್ಬರು, ಹೊಸದುರ್ಗ ತಾಲ್ಲೂಕಿನ ಕೇರಿಯ ಹುಡುಗನೊಬ್ಬ. 2025ರ ಜನವರಿಯಲ್ಲಿ ನಾವು ರಾಗಿಯಿಂದ ಬಿಯರು ಮಾಡಲು ಹೊರಟೆವು. ವಾಣಿವಿಲಾಸ ಸಾಗರ ಕೋಡಿ ಬಿದ್ದ ತಿಂಗಳು ಅದು. 1933ರಲ್ಲಿ ಒಮ್ಮೆ, 2022ರಲ್ಲಿ ಒಮ್ಮೆ, ಮೂರನೆಯದು ಈ ಸಲ. ಜನ ಲಾರಿ ಮಾಡಿಕೊಂಡು ಮಾರಿಕಣಿವೆಗೆ ನೀರು ನೋಡಲು ಹೋಗುತ್ತಿದ್ದರು. ನಾವು ಒಂದು ಕೇರಿ ಮನೆಯ ಹಿತ್ತಲಲ್ಲಿ ಒಲೆ ಹೂಡುತ್ತಿದ್ದೆವು.

ಸಾರಾಯಿ ಬೇಡ ಎಂದು ಕೂಗಿ ಗಂಟಲು ಕಟ್ಟಿಸಿಕೊಂಡವರು ನಾವೇ. ಅಂಥವರು ಬಿಯರಿಗೆ ಯಾಕೆ ಕೈ ಹಾಕಿದಿರಿ ಎಂದು ನೀವು ಕೇಳುತ್ತೀರಿ. ಕೇಳಬೇಕಾದ್ದೇ. ಅದಕ್ಕೇ ಮುಚ್ಚಿಡದೆ ಬರೆಯುತ್ತಿದ್ದೇವೆ.

ಹೊಸದುರ್ಗದ ಹುಡುಗ ಬೆಂಗಳೂರಿನಲ್ಲಿ ಬಿಯರು ತಯಾರಿಸಿ ಅಲ್ಲೇ ಮಾರುವ ದೊಡ್ಡ ಹೋಟೆಲೊಂದರಲ್ಲಿ ಮೂರು ವರ್ಷ ಕೂಲಿ ಮಾಡಿದ್ದ. ಅಲ್ಲಿ ಬಿಯರು ಮಾಡುವವನಿಗೆ ಇಂಗ್ಲಿಷಿನಲ್ಲಿ ದೊಡ್ಡ ಹೆಸರಿದೆ. ನಮ್ಮ ಹುಡುಗನ ಕೆಲಸಕ್ಕೆ ಹೆಸರಿಲ್ಲ. ಕಾಳು ಬೆಂದು ರಸ ಇಳಿದ ಮೇಲೆ ಹಂಡೆಯಲ್ಲಿ ಉಳಿಯುವ ಬಿಸಿ ಚರಟವನ್ನು ಸಲಿಕೆಯಲ್ಲಿ ಬಾಚಿ ಹೊರಗೆ ಹಾಕುವುದು, ಆಮೇಲೆ ಹಂಡೆ ತಿಕ್ಕುವುದು. ಪೇಟೆಯಲ್ಲೂ ಬಾಚುವ ಕೆಲಸ ಯಾರ ಪಾಲಿಗೆ ಬಂತು ನೋಡಿ.

ಒಂದು ದಿನ ಅಲ್ಲಿ ರಾಗಿ ಬಿಯರು ಎಂದು ಬೋರ್ಡು ಬರೆದರಂತೆ. ಬಾರ್ಲಿಯ ಜೊತೆ ಒಂದಿಷ್ಟು ರಾಗಿ. ಒಂದು ಗ್ಲಾಸಿಗೆ ಮುನ್ನೂರು ರೂಪಾಯಿಯ ಮೇಲೆ. ಆ ವರ್ಷದ ಹಂಗಾಮಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲ್ ರಾಗಿಗೆ 4290 ರೂಪಾಯಿ. ಅಂದರೆ ಕೆಜಿಗೆ ನಲವತ್ಮೂರು ರೂಪಾಯಿ. ಒಂದು ಕೆಜಿ ಕಾಳಿನಿಂದ ನಾಲ್ಕು ಲೀಟರಿಗೆ ಕಮ್ಮಿಯಿಲ್ಲದೆ ಬಿಯರಾಗುತ್ತದೆ. ಲೆಕ್ಕ ನೀವೇ ಹಾಕಿ.

“ಅವರು ಮಾಡೋದು ಏನೂ ಇಲ್ಲ ಕಣ್ರೀ ಸಾ. ಕಾಳು ಮೊಳಕೆ ಕಟ್ಟಿ ಒಣಗಿಸ್ತಾರೆ, ಬಿಸಿನೀರಾಗೆ ನೆನೆಸ್ತಾರೆ, ಸೋಸ್ತಾರೆ, ಕುದಿಸ್ತಾರೆ, ಆರಿಸಿ ಹೆಪ್ಪು ಹಾಕ್ತಾರೆ. ನಮ್ಮವ್ವಂಗೆ ಅರ್ಧ ಬರ್ತೈತೆ” ಎಂದ ಹುಡುಗ. ಆ ಮಾತು ನಮ್ಮನ್ನು ಹಿಡಿಯಿತು. ಪುಡಿ ತಂದು ನೀರಿಗೆ ಕಲಸುವುದು ಬೇಡ, ಇಡೀ ಕಾಳಿನಿಂದಲೇ ಮಾಡಿ ನೋಡೋಣ ಎಂದು ತೀರ್ಮಾನವಾಯಿತು.

ಐದು ಕೆಜಿ ರಾಗಿ ಒಂದು ರಾತ್ರಿ ನೆನೆಯಿತು. ಒದ್ದೆ ಬಟ್ಟೆಯಲ್ಲಿ ಕಟ್ಟಿ ಎರಡೂವರೆ ದಿನ ಇಟ್ಟು, ಹೊತ್ತು ಹೊತ್ತಿಗೆ ನೀರು ಚಿಮುಕಿಸಿದೆವು. ಬಿಳಿ ಬೇರು ಹೊರಟಿತು. ಎರಡು ದಿನ ಬಿಸಿಲಿಗೆ ಒಣಗಿಸಿ, ಉಜ್ಜಿ ಬೇರು ಉದುರಿಸಿ, ತರಿಯಾಗಿ ಒಡೆಸಿದೆವು. ಇದೆಲ್ಲ ಅವ್ವನ ಕೈಯಲ್ಲೇ ಆಯಿತು. ಹುಡುಗನ ಅವ್ವ, ನಮಗೆಲ್ಲರಿಗೂ ಅವ್ವನೇ. ಆಕೆಗೆ ನಾವು ಹೇಳಿದ್ದು “ಮಾಲ್ಟು ಮಾಡ್ತೀವಿ” ಎಂದು. ಅದು ಸುಳ್ಳಲ್ಲ. ಪೂರಾ ನಿಜವೂ ಅಲ್ಲ.

ಆಕೆಗೆ ಪೂರಾ ಹೇಳದಿದ್ದುದಕ್ಕೆ ಕಾರಣವಿತ್ತು. ಆಕೆಯ ಗಂಡ ಪ್ಯಾಕೆಟ್ ಸಾರಾಯಿಗೆ ಸತ್ತವನು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಆತ ಅದಕ್ಕೆ ಎರಡು ವರ್ಷ ಮೊದಲೇ ಮಣ್ಣು ಸೇರಿದ್ದ. ಕೂಲಿ ಸಿಗುವುದು ತಡವಾದರೂ ಪ್ಯಾಕೆಟ್ಟು ತಡವಾಗುತ್ತಿರಲಿಲ್ಲ. ಹರಾಜು ಕೂಗಿ ಗುತ್ತಿಗೆ ಹಿಡಿದವನು ಬಂಗಲೆ ಕಟ್ಟಿಸಿದ, ಸರ್ಕಾರ ಖಜಾನೆ ತುಂಬಿಸಿಕೊಂಡಿತು, ಕೇರಿಯಲ್ಲಿ ಕುಂಕುಮ ಅಳಿಸಿತು.

ಒಡೆದ ರಾಗಿಯ ಮೇಲೆ ನಾವು ಮರಳುವ ನೀರು ಸುರಿದೆವು. ಬಿಸಿ ಹೆಚ್ಚಾದಷ್ಟೂ ಒಳ್ಳೆಯದು ಎಂದುಕೊಂಡಿದ್ದೆವು. ಅರ್ಧ ಗಂಟೆಯಲ್ಲಿ ಅದು ಗಟ್ಟಿ ಅಂಟಾಯಿತು. ಸೌಟು ನಿಲ್ಲುತ್ತಿತ್ತು. ಒಂದು ಗಂಟೆ ಕಾದೆವು, ಎರಡು ಗಂಟೆ ಕಾದೆವು, ಸಿಹಿಯಾಗಲಿಲ್ಲ. ಮೇಷ್ಟ್ರು ಒಂದು ಹನಿ ತೆಗೆದು ತಟ್ಟೆಯ ಮೇಲೆ ಆರಿಸಿ, ಶಾಲೆಯಿಂದ ತಂದಿದ್ದ ಅಯೋಡಿನ್ ಬಿಟ್ಟರು. ಕಡುನೀಲಿ! ಪಿಷ್ಟ ಪಿಷ್ಟವಾಗಿಯೇ ಕೂತಿತ್ತು.

ಮೇಷ್ಟ್ರು ತಲೆ ಕೆರೆದುಕೊಂಡು ವಿವರಿಸಿದರು. ಮೊಳಕೆ ಬರುವಾಗ ಕಾಳಿನೊಳಗೆ ಕಿಣ್ವ ಹುಟ್ಟುತ್ತದೆ. ಪಿಷ್ಟವನ್ನು ಕಡಿದು ಸಕ್ಕರೆ ಮಾಡುವುದು ಅದೇ. ಅರವತ್ತೈದು ಡಿಗ್ರಿಯ ಆಸುಪಾಸಿನಲ್ಲಿ ಅದು ಚುರುಕು, ಕುದಿ ನೀರು ಬಿದ್ದರೆ ಸಾಯುತ್ತದೆ. ನಾವು ಕೂಲಿಯಾಳನ್ನು ಕೊಂದು ಕೆಲಸ ಆಗಲಿಲ್ಲ ಎಂದು ಕಾಯುತ್ತಿದ್ದೆವು. ಇನ್ನೊಂದು ತೊಡಕೂ ಇತ್ತು. ಬಾರ್ಲಿಯ ಪಿಷ್ಟ ಆ ಬಿಸಿಗೇ ಅರಳುತ್ತದೆ, ರಾಗಿಯದಕ್ಕೆ ಇನ್ನಷ್ಟು ಬಿಸಿ ಬೇಕು. ಪಿಷ್ಟಕ್ಕೆ ಬೇಕಾದ ಬಿಸಿ ಕಿಣ್ವಕ್ಕೆ ಆಗುವುದಿಲ್ಲ, ಕಿಣ್ವಕ್ಕೆ ಆಗುವ ಬಿಸಿ ಪಿಷ್ಟಕ್ಕೆ ಸಾಲದು. ಏನು ಮಾಡುವುದು?

ಅವ್ವ ಹೊಸ್ತಿಲ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. “ಎಲ್ಲಾನೂ ಒಟ್ಟಿಗೇ ಯಾಕ್ರಲೇ ಬೇಯಿಸಿದ್ರಿ? ಕೂಸಿಗೆ ಸರಿ ಮಾಡುವಾಗ ಅರ್ಧ ಹಿಟ್ಟು ಬೇಯಿಸ್ಬೇಕು. ಕೆಳಗಿಳಿಸಿ ಕುದಿ ಆರಿದ ಮ್ಯಾಲೆ ಮೊಳಕೆ ಹಿಟ್ಟು ಹಾಕಿ ತಿರುವಬೇಕು. ಗಟ್ಟಿ ಇದ್ದಿದ್ದು ನೀರಂಗಾತೈತೆ. ಕೂಸು ಹೊಟ್ಟೆ ತುಂಬಾ ಕುಡೀತೈತೆ.”

ಮೇಷ್ಟ್ರು ಎದ್ದು ನಿಂತುಬಿಟ್ಟರು. ಹದಿನೆಂಟು ವರ್ಷ ಕಿಣ್ವದ ಪಾಠ ಮಾಡಿದವರು.

ಉಳಿದ ತರಿಯನ್ನು ಎರಡು ಪಾಲು ಮಾಡಿದೆವು. ಒಂದನ್ನು ಚೆನ್ನಾಗಿ ಕುದಿಸಿ ಅರಳಿಸಿದೆವು. ಲ್ಯಾಬಿನ ಥರ್ಮಾಮೀಟರು ಅರವತ್ತೆಂಟು ತೋರಿಸುವವರೆಗೆ ಆರಿಸಿ, ತಣ್ಣೀರಲ್ಲಿ ಕಲಸಿದ ಇನ್ನೊಂದು ಪಾಲನ್ನು ಬೆರೆಸಿ, ಗೋಣಿಚೀಲ ಸುತ್ತಿ ಮುಚ್ಚಿದೆವು. ಒಂದೂವರೆ ಗಂಟೆಗೆ ಸೌಟು ಸಲೀಸಾಗಿ ಆಡಿತು. ಅಯೋಡಿನ್ ಹನಿ ಹಳದಿಯಾಗೇ ಉಳಿಯಿತು. ನಾಲಿಗೆಗೆ ಇಟ್ಟರೆ ಕಬ್ಬಿನ ಹಾಲಿನ ನೆನಪು. ಬೆಲ್ಲ ಹಾಕಿಲ್ಲ, ಸಕ್ಕರೆ ಹಾಕಿಲ್ಲ. ಬಾರ್ಲಿಗಾದರೆ ಅದರ ಹೊಟ್ಟೇ ಜರಡಿಯಾಗುತ್ತದೆ. ರಾಗಿಗೆ ಆ ಹೊಟ್ಟಿಲ್ಲ, ಅವ್ವನ ಹಳೇ ಸೀರೆಯ ತುಂಡಿನಲ್ಲಿ ಹಿಂಡಿ ಹಿಂಡಿ ಸೋಸಿದೆವು. ಚರಟ ಎಮ್ಮೆಗೆ ಹೋಯಿತು.

ಆಗ ಹುಡುಗ ಜೇಬಿನಿಂದ ಈಸ್ಟಿನ ಪೊಟ್ಟಣ ತೆಗೆದ. ಅವ್ವ ಕೇಳಿದಳು: “ಅದೇನಲೇ?”

ಹೇಳಬೇಕಾಯಿತು. ಹೇಳಿದೆವು.

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ನಾವು ನಮ್ಮ ವಾದ ಇಟ್ಟೆವು. ಇದು ಗುತ್ತಿಗೆದಾರನ ಸರಕಲ್ಲ, ನಮ್ಮ ಕಾಳು, ನಮ್ಮ ವಿದ್ಯೆ; ಪೇಟೆಯವನು ಪರವಾನಗಿ ಕೊಂಡು ಇದನ್ನೇ ಮಾರಿದರೆ ಕಲೆ, ಕೇರಿಯ ಹೆಂಗಸು ಮಾಡಿದರೆ 1965ರ ಅಬಕಾರಿ ಕಾಯ್ದೆಯಲ್ಲಿ ಅಪರಾಧ; ಇದು ಯಾವ ನ್ಯಾಯ? ಆಕೆ ಎಲ್ಲ ಕೇಳಿಸಿಕೊಂಡಳು. “ನ್ಯಾಯ ನೀವು ಹೇಳಿದ್ದೇ ಸರಿ ಇರಬೌದು. ನಿಮ್ಮ ಪೊಟ್ಟಣ ಇಲ್ಲದಿದ್ರೂ ಇದು ನಮ್ಮದೇ ಅಲ್ವೇನ್ರೋ? ಈ ಮನೇಲಿ ಆ ವಾಸ್ನೆ ಮತ್ತೆ ಬ್ಯಾಡ” ಎಂದಳು.

ನಮ್ಮಲ್ಲಿ ಯಾರಿಗೂ ಉತ್ತರ ಹುಟ್ಟಲಿಲ್ಲ. ಪೊಟ್ಟಣ ಜೇಬಿಗೆ ಮರಳಿತು. ಕೇರಿಯ ಮಕ್ಕಳು ಲೋಟ ತಂದು ಸಿಹಿನೀರು ಕುಡಿದು, ಇನ್ನೂ ಬೇಕೆಂದವು.

ಗಡಿಗೆಯ ತಳದಲ್ಲಿ ಮೂರು ಲೀಟರಿನಷ್ಟು ಉಳಿದಿತ್ತು. ಎರಡನೇ ದಿನ ಬೆಳಿಗ್ಗೆ ನೋಡಿದರೆ ತಾನೇ ನೊರೆಗಟ್ಟಿ ಗುಳುಗುಳು ಅನ್ನುತ್ತಿತ್ತು. ಅದಕ್ಕೆ ಪರವಾನಗಿ ಕೊಟ್ಟವರು ಯಾರು? ಅವ್ವ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. “ಹುಳಿ ಅಂಬ್ಲಿ ಕಣ್ರಲೇ” ಎಂದು ನಕ್ಕಳು. ಅದಕ್ಕೇ ಹಿಟ್ಟು ಕದಡಿ ಕುದಿಸಿ, ಉಪ್ಪು ಈರುಳ್ಳಿ ಹಾಕಿ, ಎಲ್ಲರಿಗೂ ಬಡಿಸಿದಳು.

ರಾಗಿ ನಮ್ಮ ನೆಲಕ್ಕೆ ಪೂರ್ವ ಆಫ್ರಿಕಾದಿಂದ ಬಂದ ಬೆಳೆ. ಅಲ್ಲಿನ ಉಗಾಂಡಾದ ತೇಸೋ ಜನ ರಾಗಿ ಬಿಯರಿನ ಒಂದೇ ಗಡಿಗೆಯ ಸುತ್ತ ಕೂತು ಉದ್ದನೆಯ ಕೊಳವೆ ಹಾಕಿ ಒಟ್ಟಿಗೆ ಹೀರುತ್ತಾರೆ. ನಮ್ಮ ಹಳ್ಳಿಗಳ ಚಾ ಅಂಗಡಿಗಳಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದನ್ನು ಕಂಡವರು ನಾವು. ಕಾಳು ಅಲ್ಲಿಂದ ಬಂತು, ಒಟ್ಟಿಗೆ ಕೂರುವುದು ಬರಲಿಲ್ಲ. ಶಿವ ಚೋಳರಾಜನ ಮೃಷ್ಟಾನ್ನ ಬಿಟ್ಟು ಮಾದಾರ ಚೆನ್ನಯ್ಯನ ಅಂಬಲಿ ಉಂಡ ಎಂಬ ಕಥೆ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಚಿತ್ರದುರ್ಗದಲ್ಲಿ ಆತನ ಹೆಸರಿನ ಗುರುಪೀಠವೇ ಇದೆ. ಕಥೆ ಕೇಳಿ ಕೈ ಮುಗಿಯುವವರು ಎಷ್ಟು ಜನ ಕೇರಿಗೆ ಬಂದು ಅಂಬಲಿ ಉಂಡಿದ್ದಾರೆ?

ಹೀಗಾಗಿ ನಮ್ಮ ಬಿಯರು ಬಿಯರಾಗಲಿಲ್ಲ. ಸೋತೆವೋ ಗೆದ್ದೆವೋ ಎಂದು ನಮ್ಮೊಳಗೆ ಇವತ್ತಿಗೂ ಜಗಳವಿದೆ. ಹುಡುಗ ಬೆಂಗಳೂರಿಗೆ ಮರಳಿದ್ದಾನೆ, ಸಲಿಕೆಗೇ. ಆದರೆ ಹಂಡೆಯೊಳಗೆ ಏನು ನಡೆಯುತ್ತದೆ ಎಂದು ಈಗ ಅವನಿಗೆ ಗೊತ್ತು. ಆ ವಿದ್ಯೆಯ ಅರ್ಧ ಅವನ ಅವ್ವನದು ಎಂಬುದೂ ಗೊತ್ತು.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ನಿಮ್ಮಲ್ಲಿ ಅಯೋಡಿನ್ ಇದೆ, ಮಕ್ಕಳ ಮನೆಯಲ್ಲಿ ರಾಗಿ ಇದೆ. ಆ ಹನಿ ನೀಲಿಯಾಗುವುದನ್ನೂ ನೀಲಿಯಾಗದೆ ಉಳಿಯುವುದನ್ನೂ ಒಂದು ದಿನ ತೋರಿಸಿ. ಪಾಠ ಹೇಳಲು ಕೇರಿಯ ಒಬ್ಬ ಅವ್ವನನ್ನು ಕರೆಯಿರಿ. ಆಕೆಗೆ ಕುರ್ಚಿ ಹಾಕಿ.