ಬಳ್ಳಾರಿಯಲ್ಲಿ ಇರುಳು ತಂಗಿದ ವೈಮಾನಿಕ

ಕಾಳಿದಾಸನ ಯಕ್ಷನು ಮೇಘಕ್ಕೆ ದಾರಿಯನ್ನು ವಿವರಿಸಿ, ಸಂದೇಶವನ್ನೊಪ್ಪಿಸಿ, ಕಟ್ಟಕಡೆಯಲ್ಲಿ ಆ ಮೇಘವನ್ನೇ ಹರಸಿ ಬೀಳ್ಕೊಡುತ್ತಾನೆ. ತನ್ನ ವಿರಹದ ದುಃಖದಲ್ಲಿಯೂ ದೂತನ ಕ್ಷೇಮವನ್ನು ಅವನು ಮರೆಯಲಿಲ್ಲ. ಲೋಕದಲ್ಲಿ ಈ ಸೌಜನ್ಯವು ಸುಲಭವಲ್ಲ. ಓಲೆಯನ್ನು ಓದುವವರು ಬಹಳ ಮಂದಿ. ಓಲೆಯನ್ನು ತಂದವನನ್ನು ನೆನೆಯುವವರು ವಿರಳ.

1932ನೆಯ ಇಸವಿ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾರವರು ಕರಾಚಿಯಿಂದ ಟಪಾಲಿನ ಚೀಲವನ್ನು ಹೊತ್ತು, ಅಹಮದಾಬಾದಿನಲ್ಲಿಳಿದು, ಮುಂಬಯಿಗೆ ಹಾರಿಬಂದ ಸಂಗತಿಯನ್ನು ವಾಚಕರು ಬಲ್ಲರು. ಆದರೆ ಆ ಟಪಾಲಿನ ಪಯಣವು ಮುಂಬಯಿಯಲ್ಲಿ ಮುಗಿಯಲಿಲ್ಲ. ಅಲ್ಲಿ ಮತ್ತೊಂದು ಪುಸ್ ಮಾತ್ ವಿಮಾನವು ಸಿದ್ಧವಾಗಿತ್ತು. ಚೀಲವನ್ನು ಅದಕ್ಕೇರಿಸಿಕೊಂಡು, ಸಹ್ಯಾದ್ರಿಯನ್ನು ದಾಟಿ, ಬಳ್ಳಾರಿಯಲ್ಲಿ ರಾತ್ರಿ ತಂಗಿ, ಮರುದಿನ ಮದರಾಸನ್ನು ಮುಟ್ಟಿದವನು ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕನು.

ಇವನು ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ, ಬ್ರಿಟಿಷ್ ವಾಯುಸೇನೆಯಲ್ಲಿ ಪಳಗಿ ಭಾರತಕ್ಕೆ ಬಂದವನು. ವಿಮಾನದ ಟಪಾಲನ್ನು ನಡೆಯಿಸಬೇಕೆಂಬ ಸೂಚನೆಯನ್ನು 1929ರಲ್ಲಿ ಟಾಟಾ ಮನೆತನದ ಮುಂದಿಟ್ಟವನೂ ಇವನೇ. ವೃದ್ಧರಾದ ಸರ್ ದೊರಾಬ್ಜಿ ಟಾಟಾರವರಿಗೆ ಈ ಸಾಹಸದಲ್ಲಿ ಮೊದಲು ರುಚಿಯಿರಲಿಲ್ಲ. ಎರಡು ಲಕ್ಷ ರೂಪಾಯಿಗಳ ಬಂಡವಾಳಕ್ಕೆ ಅವರ ಒಪ್ಪಿಗೆ ದೊರೆತರೂ ಸರಕಾರದ ಅನುಮತಿಗಾಗಿ ಮೂರು ವರ್ಷ ಕಾಯಬೇಕಾಯಿತು. ಕಾಯುವುದಕ್ಕೂ ಹಾರುವಷ್ಟೇ ಧೈರ್ಯ ಬೇಕೆಂಬುದನ್ನು ಅನುಭವಿಗಳು ಬಲ್ಲರು.

ಆ ಕಾಲದ ಹಾರಾಟವಾದರೂ ಎಂಥದು! ಒಂದೇ ಯಂತ್ರದ ಪುಟ್ಟ ವಿಮಾನ. ರೇಡಿಯೋ ಇಲ್ಲ, ದಾರಿತೋರುವ ದೀಪಗಳಿಲ್ಲ. ಅಹಮದಾಬಾದಿನಲ್ಲಿ ಇಂಧನದ ಡಬ್ಬಿಗಳು ಬಂದದ್ದು ಎತ್ತಿನ ಗಾಡಿಯ ಮೇಲೆ. ಮುಂಬಯಿಯ ಜುಹೂ ಬಯಲು ಮಳೆಗಾಲದಲ್ಲಿ ನೀರಿನಲ್ಲಿ ಮುಳುಗುತ್ತಿದ್ದುದರಿಂದ ಸಮಸ್ತ ಸರಂಜಾಮನ್ನೂ ಪುಣೆಗೆ ಸಾಗಿಸಬೇಕಾಗುತ್ತಿತ್ತು. ಈ ಹಾದಿಯ ನಡುವೆ ಬಳ್ಳಾರಿಯು ವಿಶ್ರಾಂತಿಯ ನೆಲೆಯಾಯಿತು. ಬಳ್ಳಾರಿಯೂ ನಮ್ಮ ದಕ್ಷಿಣ ಕನ್ನಡವೂ ಆಗ ಮದರಾಸು ಪ್ರಾಂತದಲ್ಲಿಯೇ ಇದ್ದ ಜಿಲ್ಲೆಗಳು. ಕನ್ನಡ ನೆಲವು ಆ ಮೊದಲ ಟಪಾಲಿಗೆ ಒಂದು ರಾತ್ರಿಯ ಆತಿಥ್ಯವನ್ನಿತ್ತಿತೆಂಬುದು ನಮ್ಮ ಪಾಠಪುಸ್ತಕಗಳಲ್ಲಿ ಕಾಣಬರುವ ಮಾತಲ್ಲ.

ಮುಂದೆ ಮಹಾಯುದ್ಧವು ಬಂದಿತು. ಪುಣೆಯಲ್ಲಿ ವಿಮಾನಗಳನ್ನು ಕಟ್ಟುವ ಕಾರ್ಖಾನೆಯೊಂದನ್ನು ಸ್ಥಾಪಿಸುವ ಯೋಜನೆಗಾಗಿ ವಿನ್ಸೆಂಟನು ಇಂಗ್ಲೆಂಡಿಗೆ ಹೋದನು. 1942ರಲ್ಲಿ ಅಲ್ಲಿಂದ ಹಿಂದಿರುಗುವಾಗ ಅವನು ಏರಿದ ಯುದ್ಧವಿಮಾನವು ಫ್ರಾನ್ಸಿನ ಕರಾವಳಿಯ ಬಳಿ ನಾಶವಾಯಿತು. ಸಾವಿರಾರು ಮನೆಗಳಿಗೆ ಕ್ಷೇಮವಾರ್ತೆಯನ್ನು ಹೊತ್ತವನ ಮನೆಗೆ ಕ್ಷೇಮವಾರ್ತೆ ಬರಲಿಲ್ಲ.

ಸಂಸ್ಥೆಯಾದರೋ ಬೆಳೆಯಿತು. 1946ರಲ್ಲಿ ಏರ್ ಇಂಡಿಯಾ ಎಂಬ ಹೆಸರನ್ನು ತಳೆದು, 1953ರಲ್ಲಿ ರಾಷ್ಟ್ರದ ಸೊತ್ತಾಗಿ, 2022ರಲ್ಲಿ ಮರಳಿ ಟಾಟಾ ಮನೆತನವನ್ನು ಸೇರಿತು. ಜೆ. ಆರ್. ಡಿ.ಯವರು 1962ರಲ್ಲಿಯೂ, ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ 1982ರಲ್ಲಿಯೂ ಕರಾಚಿಯಿಂದ ಮುಂಬಯಿಗೆ ಮತ್ತೆ ಹಾರಿ ಆ ದಿನವನ್ನು ನೆನಪಿಸಿದರು. ಅದು ಯೋಗ್ಯವಾದ ಸ್ಮರಣೆಯೇ. ಆದರೆ ಮುಂಬಯಿಯಿಂದ ಬಳ್ಳಾರಿಯ ಮೇಲೆ ಹಾದ ಉಳಿದರ್ಧದ ಹಾದಿಯನ್ನು ನೆನಪಿಸಲು ವಿನ್ಸೆಂಟನು ಇರಲಿಲ್ಲ. ಮೊದಲರ್ಧವು ಇತಿಹಾಸವಾಯಿತು, ಎರಡನೆಯದು ಅಡಿಟಿಪ್ಪಣಿಯಾಯಿತು.

1951ರ ಡಿಸೆಂಬರ್ 25ರಂದು ನೆಹರೂರವರ ವಿಮಾನವು ಬಜ್ಪೆಯಲ್ಲಿಳಿದಂದಿನಿಂದ ನಮ್ಮ ಕರಾವಳಿಗೂ ಆಕಾಶಮಾರ್ಗವು ತೆರೆಯಿತು. ಅಂಬಲಪಾಡಿಯಂತಹ ಊರುಗಳ ಎಷ್ಟೋ ಮನೆಗಳ ಮಕ್ಕಳು ಇಂದು ಮುಂಬಯಿಯಲ್ಲಿಯೂ ಕೊಲ್ಲಿಯ ನಾಡುಗಳಲ್ಲಿಯೂ ನೆಲಸಿದ್ದಾರೆ. ಮಗನು ಸುಖವಾಗಿ ಬಂದಿಳಿದನೆಂಬ ಸುದ್ದಿಯನ್ನು ಕೇಳಿದ ತಾಯಿಯು ದೇವರಿಗೆ ದೀಪವನ್ನು ಹಚ್ಚುತ್ತಾಳೆ. ಆ ದೀಪದ ಮುಂದೆ, ಮಗನನ್ನು ಹೊತ್ತುತಂದ ಹೆಸರರಿಯದ ವೈಮಾನಿಕನಿಗೂ ಒಂದು ಹರಕೆಯ ಮಾತು ಸಲ್ಲಲಿ. ಯಕ್ಷನು ಮೇಘಕ್ಕೆ ಸಲ್ಲಿಸಿದ ಋಣವು ಅಷ್ಟೇ. ವಿನ್ಸೆಂಟನಿಗೆ ನಾವು ಸಲ್ಲಿಸದೆ ಉಳಿಸಿಕೊಂಡ ಋಣವೂ ಅಷ್ಟೇ.