ಕಾಲು ಇಂಚಿನ ಲೆಕ್ಕ

ದಢೇಸುಗೂರಿನ ನಮ್ಮ ಹಳೆಯ ಮನೆಯ ಅಂಗಳದಲ್ಲಿದ್ದ ಬೇವಿನ ಮರ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಭಾನುವಾರದ ಪಾಠಕ್ಕೆ ಬಂದವರು ಅದರ ನೆರಳಿನಲ್ಲಿಯೇ ಮಗ್ಗಿ ಒಪ್ಪಿಸಿದ್ದೀರಿ. ನನ್ನ ತಾಯಿ ನೆಟ್ಟಿದ್ದ ಆ ಮರ ಮೂರು ವರ್ಷದ ಹಿಂದೆ ಬಿರುಗಾಳಿಗೆ ಉರುಳಿತು. ಸೌದೆಗೆ ಕೊಡಲು ಮನಸ್ಸಾಗದೆ ಸಿಂಧನೂರಿನಲ್ಲಿ ಹಲಗೆ ಕೊಯ್ಯಿಸಿ ನೆರಳಿನಲ್ಲಿ ಒಣಗಿಸಿಟ್ಟೆ. ಬೇವಿಗೆ ಹುಳದ ಕಾಟ ಕಡಿಮೆ. ಪುಸ್ತಕದ ಕಪಾಟಿಗೆ ತಕ್ಕ ಮರ.

ಕಪಾಟನ್ನು ನಾನೇ ಮಾಡಬೇಕೆಂಬ ಹಂಬಲ. ಮಗ ಬೆಂಗಳೂರಿನಿಂದ ಒಂದು ಟ್ರಿಮ್ ರೂಟರ್ ತಂದುಕೊಟ್ಟಿದ್ದ. ಸನ್‌ಮೈಕದ ಅಂಚು ಸವರಲು ಬಡಿಗರು ಒಂದೇ ಕೈಯಲ್ಲಿ ಹಿಡಿಯುತ್ತಾರಲ್ಲ, ಆ ಪುಟ್ಟ ಯಂತ್ರ. ಗಾತ್ರ ನೋಡಿ ಸದರ ಮಾಡಬಾರದು. ಬಿಟ್ಟು ನಿಮಿಷಕ್ಕೆ ಸುಮಾರು 30,000 ಸುತ್ತು ತಿರುಗುತ್ತದೆ. ಬಿಟ್ಟುಗಳನ್ನು ಮಾತ್ರ ನಾನೇ ಪೇಟೆಯಿಂದ ಕೊಂಡೆ. ಅಂಗಡಿಯವನು ಅಳತೆ ಕೇಳಿದಾಗ ಗಣಿತದ ಮಾಸ್ತರನ ಠೀವಿಯಿಂದ, 'ಆರು ಮಿಲಿಮೀಟರು' ಎಂದೆ.

ಹಲಗೆಯಲ್ಲಿ ಗಾಡಿ ಕೊರೆಯತೊಡಗಿದೆ. ಅರ್ಧ ದಾರಿಯಲ್ಲಿ ಬಿಟ್ಟು ತಾನಾಗಿಯೇ ಕೆಳಗೆ ಜಾರುತ್ತಾ ಆಳಕ್ಕೆ ಇಳಿಯಿತು. ಯಂತ್ರ ನಿಲ್ಲಿಸುವಷ್ಟರಲ್ಲಿ ಅಮ್ಮನ ಬೇವಿನ ಹಲಗೆಯ ಮೇಲೆ ಗೇಣುದ್ದದ ಗಾಯ. ಕೈ ಉಳಿದದ್ದೇ ಪುಣ್ಯ.

ಊರಿನ ಬಡಿಗನೊಬ್ಬನನ್ನು ಕರೆಸಿದೆ. ನನ್ನ ಹಳೆಯ ವಿದ್ಯಾರ್ಥಿ. ಹೆಸರು ಬರೆದರೆ ನಾಚಿಕೊಂಡಾನು. ಏಳನೆಯ ತರಗತಿಯಲ್ಲಿ ಭಿನ್ನರಾಶಿ ತಪ್ಪಿದನೆಂದು ಅವನನ್ನು ಇಡೀ ದಿನ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಮರುವರ್ಷ ಅವನು ಶಾಲೆಗೆ ಬರಲಿಲ್ಲ.

ಬಿಟ್ಟಿನ ದಂಡವನ್ನು, ಅಂದರೆ ಶ್ಯಾಂಕನ್ನು, ಬೆರಳಲ್ಲಿ ಹೊರಳಿಸಿ ನೋಡಿದ. "ಸರ, ಇದು ಆರು ಎಂ.ಎಂ. ಐತ್ರಿ. ನಿಮ್ಮ ಮಷಿನ್ ಕಾಲಿಂಚಿಂದು. ಎರಡೂ ಒಂದಽ ಅಲ್ರಿ."

ಇಂಚಿಗೆ 25.4 ಮಿ.ಮೀ., ಅದರಲ್ಲಿ ಕಾಲು ಭಾಗ 6.35. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಲೆಕ್ಕ! ಬಿಗಿಯಾದಂತೆ ತೋರಿದರೂ ಆ ಮೂರೂವರೆ ದಶಾಂಶದ ಸಂದಿನಲ್ಲಿ ಹಿಡಿತ ನಿಲ್ಲದು.

ಮುಂದಿನ ಪಾಠವೂ ಅವನದೇ. ಬಿಟ್ಟು ಬದಲಿಸುವ ಮುನ್ನ ಪ್ಲಗ್ ಕೀಳಬೇಕು. ಶ್ಯಾಂಕನ್ನು ತಳ ಮುಟ್ಟಿಸಿ, ಎರಡು ಮಿಲಿಮೀಟರಿನಷ್ಟು ಮೇಲೆತ್ತಿ ಬಿಗಿಯಬೇಕು. ಕಾರ್ಬೈಡ್ ತುದಿಯದೇ ಕೊಳ್ಳಬೇಕು. ಪ್ಲೈವುಡ್ಡಿನ ಅಂಟು ಸಾದಾ ಉಕ್ಕಿನ ಹರಿತವನ್ನು ಬೇಗ ತಿನ್ನುತ್ತದೆ. ಗಾಡಿಗೆ ನೇರ ಬಿಟ್ಟು, ಅಂಚು ಸಮ ಮಾಡಲು ಬೇರಿಂಗಿನದು, ಮೂಲೆ ದುಂಡಗಾಗಿಸಲು ಇನ್ನೊಂದು. ಮೊದಲಿಗೆ ಇವು ಮೂರೇ ಸಾಕಂತೆ, ಇಪ್ಪತ್ತರ ಪೆಟ್ಟಿಗೆ ದಂಡ. ಹೊರ ಅಂಚಿನಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ಸಾಗಬೇಕು, ಇಲ್ಲವಾದರೆ ಯಂತ್ರವೇ ಕೈಯನ್ನು ಎಳೆದೊಯ್ಯುತ್ತದೆ. ಒಂದೇ ಸಲಕ್ಕೆ ಆಳ ಬೇಡ. ಸುಟ್ಟ ವಾಸನೆ ಬಂದರೆ ಬಿಟ್ಟು ಮೊಂಡಾಗಿದೆ, ಇಲ್ಲವೇ ನಾವು ತೀರ ನಿಧಾನವಾಗಿದ್ದೇವೆ.

ಗಾಯದ ಜಾಗವನ್ನು ಚೊಕ್ಕ ಮಾಡಿ, ತೇಗದ ಸಣ್ಣ ಪಟ್ಟಿ ಕೂರಿಸಿ ಅಂಟು ಹಾಕಿದ. ಮರುದಿನ ಬಂದು ಅದನ್ನು ಯಂತ್ರದಿಂದಲ್ಲ, ತನ್ನ ತಂದೆಯ ಕೀಸುಳಿಯಿಂದ ಸಮ ಮಾಡಿದ. ಈಗ ಅದು ಬೇಕೆಂದೇ ಇಟ್ಟ ಗೆರೆಯಂತೆ ಕಾಣುತ್ತದೆ.

ಚಹಾ ಕುಡಿಯುವಾಗ, ಬಹಳ ದಿನ ಒಳಗಿಟ್ಟುಕೊಂಡಿದ್ದ ಆ ಬೆಂಚಿನ ಮಾತನ್ನು ಎತ್ತಿದೆ. ನನ್ನಿಂದ ತಪ್ಪಾಯಿತು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕ.

"ಆ ಬೆಂಚಿನ ಕಾಲು ಅಲ್ಲಾಡ್ತಿತ್ರಿ ಸರ. ಅದಽ ನೆನಪೈತಿ."