ಕ್ಲಚ್ಚಿನ ಪ್ಲೇಟು

ಮಲಪ್ರಭೆಯ ದಂಡೆಯ ಹೊಳೆಮಣ್ಣೂರದು ಎರೆಮಣ್ಣಿನ ನೆಲ. ಅದರ ಜಿಗುಟು ತುಳಿದವರಿಗೇ ಗೊತ್ತು. ಕೆಸರಿನಲ್ಲಿ ಹೂತ ಕಾರನ್ನು ಎಬ್ಬಿಸಲು ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದರೆ ಪ್ಲೇಟು ಉಜ್ಜಿ ಸುಡುತ್ತದೆ. ಹಾಗೆ ಸುಟ್ಟ ಪ್ಲೇಟನ್ನು ವೃದ್ಧ ಮೇಸ್ತ್ರಿಯೊಬ್ಬನು ಬದಲಿಸಿದನು. ತೊಡಕು ಆಮೇಲೆ ಆರಂಭವಾಯಿತು. ಎಂಜಿನ್ ನಿಂತಿದ್ದಾಗ ಗೇರು ಸಲೀಸಾಗಿ ಬೀಳುವುದು. ಓಡುತ್ತಿದ್ದಾಗ ಕರಕರನೆ ಹಲ್ಲು ಕಡಿಯುವುದು. ಅಂದಮೇಲೆ ಗೇರ್‌ಬಾಕ್ಸು ನಿರ್ದೋಷಿ, ಕ್ಲಚ್ಚೇ ಬಿಡುತ್ತಿಲ್ಲ. ಕೇಬಲ್ಲನ್ನು ಬಿಗಿದರೂ ಗುಣ ಕಾಣಲಿಲ್ಲ. ಮರುದಿನವೇ ಒಡೆಯನು ಮಗಳನ್ನು ಹೆರಿಗೆಗೆ ಗದಗಿಗೆ ಒಯ್ಯಬೇಕಾಗಿತ್ತು.

“ಗೇರ್‌ಬಾಕ್ಸ್ ಕೆಟ್ಟೈತಿ ಅಂದ್ರಾತು, ಅಜ್ಜಾ,” ಎಂದನು ಕೈಕೆಳಗಿನ ಹುಡುಗ.

“ಬ್ಯಾಡೋ ತಮ್ಮಾ, ಬಿಚ್ಚು.”

ನಡುರಾತ್ರಿ ಎಲ್ಲವನ್ನೂ ಇಳಿಸಿದರು. ಗೇರ್‌ಬಾಕ್ಸಿನತ್ತ ಇರಬೇಕಾದ ಪ್ಲೇಟಿನ ಉಬ್ಬು ಎಂಜಿನ್ನಿನತ್ತ ತಿರುಗಿ ಫ್ಲೈವೀಲಿಗೆ ತಾಗುತ್ತಿತ್ತು.

ಮುಂಜಾನೆ ಕಾರು ಸಿದ್ಧವಾಗಿತ್ತು. “ಪ್ಲೇಟ್ ಉಲ್ಟಾ ಕೂಡಿಸಿದ್ನಿರಿ, ತಪ್ಪ ನಂದು,” ಎಂದ ಮೇಸ್ತ್ರಿ ಎರಡನೆಯ ಕೂಲಿಯನ್ನು ಮುಟ್ಟಲಿಲ್ಲ.